ಕ್ರೈಸ್ತಧರ್ಮದಲ್ಲಿ ರಕ್ಷಣೆಯ ವಿಚಾರ: ಮೂರು ಮಾತುಗಳ ಚರಿತ್ರೆ

೧

ಮನುಷ್ಯನು ತನ್ನ ಪರಮಗತಿಯನ್ನು ಕುರಿತು ಕೇಳಬಹುದಾದ ಪ್ರಶ್ನೆಯು ಕ್ರೈಸ್ತರ ಹೊಸ ಒಡಂಬಡಿಕೆಯ ಎರಡು ಪ್ರಸಂಗಗಳಲ್ಲಿ ಬಹುಮಟ್ಟಿಗೆ ಒಂದೇ ರೂಪದಲ್ಲಿ ಬಂದಿದೆ. ಲೂಕನ ಸುವಾರ್ತೆಯ ೧೮ನೆಯ ಅಧ್ಯಾಯದಲ್ಲಿ ಐಶ್ವರ್ಯವಂತನಾದ ಅಧಿಕಾರಿಯೊಬ್ಬನು ಯೇಸುವಿನ ಬಳಿಗೆ ಬಂದು, ನಿತ್ಯಜೀವಕ್ಕೆ ಬಾಧ್ಯನಾಗಲು ತಾನು ಮಾಡಬೇಕಾದುದೇನೆಂದು ಕೇಳುತ್ತಾನೆ. ಅಪೊಸ್ತಲರ ಕೃತ್ಯಗಳ ೧೬ನೆಯ ಅಧ್ಯಾಯದಲ್ಲಿ ಫಿಲಿಪ್ಪಿ ಪಟ್ಟಣದ ಸೆರೆಮನೆಯ ಯಜಮಾನನು ಭೂಕಂಪದಿಂದ ತತ್ತರಿಸಿ, ತಾನು ರಕ್ಷಣೆ ಹೊಂದಬೇಕಾದರೆ ಏನು ಮಾಡಬೇಕೆಂದು ಪೌಲ ಸೀಲರನ್ನು ಕೇಳುತ್ತಾನೆ. ಮೊದಲನೆಯವನಿಗೆ ಯೇಸುವು ದೇವರ ಆಜ್ಞೆಗಳನ್ನು ನೆನಪಿಗೆ ತಂದುಕೊಟ್ಟು, ಆಸ್ತಿಯನ್ನೆಲ್ಲ ಮಾರಿ ಬಡವರಿಗೆ ಹಂಚಿ ತನ್ನನ್ನು ಹಿಂಬಾಲಿಸಬೇಕೆಂದು ಹೇಳುತ್ತಾನೆ. ಎರಡನೆಯವನಿಗೆ ಅಪೊಸ್ತಲರು ಯೇಸುವಿನಲ್ಲಿ ನಂಬಿಕೆಯಿಡಬೇಕೆಂಬುದೊಂದನ್ನೇ ವಿಧಿಸುತ್ತಾರೆ. ಈ ಎರಡು ಗ್ರಂಥಗಳೂ ಒಬ್ಬನೇ ಕರ್ತೃವಿನವೆಂಬುದು ಸಂಪ್ರದಾಯಕ್ಕೂ ಆಧುನಿಕ ವಿದ್ವಾಂಸರಿಗೂ ಸಮ್ಮತವಾದ ವಿಷಯ. ಒಂದೇ ಲೇಖನಿಯಿಂದ ಬಂದ ಎರಡು ಉತ್ತರಗಳಲ್ಲಿ ಒಂದು ಕೃತಿಯನ್ನೂ ಮತ್ತೊಂದು ನಂಬಿಕೆಯನ್ನೂ ಮುಂದಿಡುತ್ತದೆ. ಮೊದಲನೆಯ ಪ್ರಸಂಗವು ಅಲ್ಲಿಗೇ ಮುಗಿಯುವುದೂ ಇಲ್ಲ. ಹಾಗಾದರೆ ರಕ್ಷಣೆ ಹೊಂದಬಲ್ಲವರು ಯಾರೆಂದು ಕೇಳಿದವರು ಬೆರಗಾಗಲು, ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯವೆಂಬ ಮಾತಿನಿಂದ ಪ್ರಶ್ನೆಯ ಭಾರವೆಲ್ಲವೂ ಮನುಷ್ಯನ ಹೆಗಲಿನಿಂದ ಇಳಿದು ಬೇರೊಂದು ಕಡೆಗೆ ಹೋಗುತ್ತದೆ.

ಕ್ರೈಸ್ತಧರ್ಮದ ಇಪ್ಪತ್ತು ಶತಮಾನಗಳ ರಕ್ಷಣಾವಿಚಾರವು ಈ ಎರಡು ಉತ್ತರಗಳನ್ನು ಸಮನ್ವಯಗೊಳಿಸುವ ಪ್ರಯತ್ನವೆಂದು ಸ್ಥೂಲವಾಗಿ ಹೇಳಬಹುದು. ಆ ಚರಿತ್ರೆಯನ್ನು ಸಾಮಾನ್ಯವಾಗಿ ಸಿದ್ಧಾಂತಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಅದನ್ನು ಮಾತುಗಳ ಚರಿತ್ರೆಯಾಗಿಯೂ ಓದಲು ಬರುತ್ತದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಗ್ರೀಕ್ ಭಾಷೆಯಲ್ಲಿ ಹುಟ್ಟಿದ ಶಾಸ್ತ್ರವೊಂದನ್ನು ಪಶ್ಚಿಮ ಯೂರೋಪು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಲ್ಯಾಟಿನ್ ಅನುವಾದದಲ್ಲಿ ಓದಿತು. ಆ ಅನುವಾದದ ಮೂರು ಮಾತುಗಳು ರಕ್ಷಣೆಯ ವಿಚಾರವನ್ನು ಹೇಗೆ ತಿರುಗಿಸಿದವು, ಮೂಲಕ್ಕೆ ಮರಳಿದವರು ಅದನ್ನು ಹೇಗೆ ಮತ್ತೆ ತಿರುಗಿಸಿದರು ಎಂಬುದನ್ನು ಪರಿಶೀಲಿಸಿ, ಕಡೆಯಲ್ಲಿ ಅದೇ ಮಾತುಗಳಿಗೆ ಕನ್ನಡದಲ್ಲಿ ಒದಗಿದ ಗತಿಯನ್ನು ನೋಡೋಣ.

೨

ಮೊದಲು ರಕ್ಷಣೆಯೆಂಬ ಪದಾರ್ಥವನ್ನೇ ನಿರ್ಣಯಿಸಿಕೊಳ್ಳಬೇಕು. ಹೊಸ ಒಡಂಬಡಿಕೆಯ ಗ್ರೀಕ್ ಪದವು ‘ಸೋತೇರಿಯ’. ಅಪಾಯದಿಂದ ಪಾರಾಗುವುದು, ಕ್ಷೇಮ, ದೇಹಸ್ವಾಸ್ಥ್ಯ ಇವೆಲ್ಲವೂ ಅದರ ಅರ್ಥಗಳು. ಯೇಸುವು ರೋಗಿಗಳನ್ನು ಗುಣಪಡಿಸಿದ ಕಥೆಗಳಲ್ಲಿ ‘ಗುಣವಾಯಿತು’ ಎಂಬುದಕ್ಕೂ ‘ರಕ್ಷಣೆಯಾಯಿತು’ ಎಂಬುದಕ್ಕೂ ಹಲವೆಡೆ ಒಂದೇ ಧಾತುವು ಬಂದಿದೆ. ಈ ಪದಕ್ಕೆ ರಾಜಕೀಯದ ಸಂಸ್ಕಾರವೂ ಉಂಟು. ಈಜಿಪ್ಟನ್ನು ಆಳಿದ ಮೊದಲನೆಯ ಟಾಲೆಮಿಗೆ ‘ಸೋತೇರ್’, ಎಂದರೆ ರಕ್ಷಕ, ಎಂಬ ಬಿರುದಿದ್ದಿತು. ಇದರ ಹಿಂದೆ ಹೀಬ್ರೂ ಭಾಷೆಯ, ಶತ್ರುವಿನ ಕೈಯಿಂದ ಬಿಡಿಸುವುದೆಂಬ ಅರ್ಥದ ಧಾತುವಿದೆ. ಯೇಸು ಎಂಬ ಹೆಸರೇ ಆ ಧಾತುವಿನಿಂದ ಬಂದುದು. ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯವು ಆ ಹೆಸರಿಗೆ ಪಾಪಗಳಿಂದ ಬಿಡಿಸುವವನೆಂದು ನಿರುಕ್ತಿಯನ್ನು ಕೊಟ್ಟಿರುವುದರಿಂದ, ರಾಜ್ಯದ ಶತ್ರುವಿನ ಸ್ಥಾನದಲ್ಲಿ ಪಾಪವು ಬಂದು ನಿಂತಿತು.

ನಮ್ಮ ಓದುಗರು ಇದನ್ನು ಮೋಕ್ಷವೆಂದು ಅನುವಾದಿಸಿಕೊಳ್ಳುವುದು ಸಹಜವಾದರೂ ಎರಡರ ನಡುವಣ ಅಂತರವು ಅಲ್ಪವಲ್ಲ. ನಮ್ಮ ದರ್ಶನಗಳಲ್ಲಿ ಮೋಕ್ಷದ ಸ್ವರೂಪವನ್ನು ಕುರಿತು ಎಷ್ಟೇ ಭೇದಗಳಿದ್ದರೂ ಜನ್ಮಪರಂಪರೆಯಿಂದ ಬಿಡುಗಡೆ ಎಂಬ ಅಂಶವು ಸಾಧಾರಣವಾಗಿದೆ. ಕ್ರೈಸ್ತರ ರಕ್ಷಣೆಗೆ ಜನ್ಮಪರಂಪರೆಯ ಹಿನ್ನೆಲೆಯಿಲ್ಲ. ಬದುಕು ಒಂದೇ, ತೀರ್ಪೂ ಒಂದೇ. ಬಿಡುಗಡೆಯು ಪಾಪದಿಂದ, ಮರಣದಿಂದ, ದೇವರ ಕೋಪದಿಂದ. ಅದರ ಕಡೆಯ ಫಲವು ದೇಹತ್ಯಾಗವಾಗಿರದೆ ದೇಹದ ಪುನರುತ್ಥಾನವಾಗಿದೆ. ಅದಲ್ಲದೆ ಪೌಲನು ಈ ಪದವನ್ನು ಮೂರು ಕಾಲಗಳಲ್ಲಿಯೂ ಬಳಸುತ್ತಾನೆ. ವಿಶ್ವಾಸಿಗಳು ರಕ್ಷಣೆ ಹೊಂದಿದವರೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ೮ನೆಯ ಅಧ್ಯಾಯದಲ್ಲಿಯೂ, ಹೊಂದುವರೆಂದು ಅದರ ೫ನೆಯ ಅಧ್ಯಾಯದಲ್ಲಿಯೂ, ಹೊಂದುತ್ತಿರುವವರೆಂದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿಯೂ ಹೇಳಿದೆ. ಆರಂಭವಾಗಿಯೂ ಮುಗಿಯದ ಈ ಸ್ಥಿತಿಯಿಂದಲೇ ಮುಂದಿನ ವಾದಗಳು ಹುಟ್ಟಿದವು. ಆರಂಭಿಸಿದವರು ಯಾರು? ಮುಗಿಸುವವರು ಯಾರು? ನಡುವೆ ಮನುಷ್ಯನ ಪಾಲು ಎಷ್ಟು?

೩

ನಮ್ಮ ಮೊದಲನೆಯ ಮಾತು ರೋಮಾಪುರದವರಿಗೆ ಬರೆದ ಪತ್ರಿಕೆಯ ೫ನೆಯ ಅಧ್ಯಾಯದ ೧೨ನೆಯ ವಚನದಲ್ಲಿದೆ. ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕವನ್ನು ಹೊಕ್ಕವೆಂದು ಹೇಳಿ ಪೌಲನು ‘ಎಫ್ ಹೋ’ ಎಂಬ ಎರಡು ಪದಗಳಿಂದ ಉಳಿದ ಭಾಗವನ್ನು ಕೂಡಿಸುತ್ತಾನೆ. ‘ಎಲ್ಲರೂ ಪಾಪಮಾಡಿದ್ದರಿಂದ’ ಎಂದು ಕಾರಣಾರ್ಥದಲ್ಲಿ ಇದನ್ನು ತೆಗೆದುಕೊಳ್ಳಬೇಕೆಂಬುದು ಈಗಿನ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಲ್ಯಾಟಿನ್ ಅನುವಾದಕರು ಇದನ್ನು ಪದಕ್ಕೆ ಪದವಿಟ್ಟು ‘ಇನ್ ಕ್ವೋ’ ಎಂದು ಬರೆದರು. ಲ್ಯಾಟಿನ್ನಿನಲ್ಲಿ ಅದನ್ನು ‘ಯಾವನಲ್ಲಿ’ ಎಂದು ಓದಲು ಬರುತ್ತದೆ. ಆಗ ಆದಾಮನೆಂಬ ಆ ಒಬ್ಬ ಮನುಷ್ಯನಲ್ಲಿಯೇ ಎಲ್ಲರೂ ಪಾಪಮಾಡಿದರೆಂದಾಗುತ್ತದೆ. ಮೊದಲನೆಯ ಅರ್ಥದಲ್ಲಿ ಪ್ರತಿಯೊಬ್ಬನ ಪಾಪವೂ ಅವನವನದು. ಎರಡನೆಯದರಲ್ಲಿ ಹುಟ್ಟುವುದಕ್ಕೆ ಮೊದಲೇ ಮಾಡಿ ಮುಗಿಸಿದ್ದು.

ಈ ಭೇದವು ವ್ಯಾಕರಣದ ಎಲ್ಲೆಯನ್ನು ದಾಟಿ ಮನುಷ್ಯರ ಬಾಳಿಗೆ ತಗುಲಿದ್ದು ಐದನೆಯ ಶತಮಾನದಲ್ಲಿ. ಬ್ರಿಟನ್ನಿನಿಂದ ಬಂದ ಪೆಲಾಗಿಯಸನೆಂಬ ತಪಸ್ವಿಯು ರೋಮಿನಲ್ಲಿ ಉಪದೇಶ ಮಾಡುತ್ತಿದ್ದನು. ಹೆಸರಿಗೆ ಮಾತ್ರ ಕ್ರೈಸ್ತರಾಗಿ, ತಮ್ಮ ಶೈಥಿಲ್ಯಕ್ಕೆ ಮನುಷ್ಯಸ್ವಭಾವದ ದೌರ್ಬಲ್ಯವನ್ನು ನೆಪಮಾಡುತ್ತಿದ್ದ ಶ್ರೀಮಂತರನ್ನು ಕಂಡು ಅವನು ನೊಂದನು. ನ್ಯಾಯವಂತನಾದ ದೇವರು ಅಸಾಧ್ಯವಾದುದನ್ನು ವಿಧಿಸಲಾರನು; ವಿಧಿಸಿದ ಮೇಲೆ ಅದನ್ನು ನಡೆಸುವ ಶಕ್ತಿಯನ್ನೂ ಮನುಷ್ಯನಲ್ಲಿ ಇಟ್ಟೇ ಇರಬೇಕು ಎಂಬುದು ಅವನ ವಾದದ ತಿರುಳು. ಕನ್ಯಾವ್ರತವನ್ನು ಕೈಕೊಂಡ ದೆಮೇತ್ರಿಯಾಸಳೆಂಬ ಕುಲೀನ ತರುಣಿಗೆ ಅವನು ಬರೆದ ಪತ್ರದಲ್ಲಿ ಈ ವಾದವು ಸ್ಪಷ್ಟವಾಗಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಅವನು ಮಾಡಿದ ವ್ಯಾಖ್ಯಾನವೂ ಉಳಿದುಬಂದಿದೆ. ಅದರಲ್ಲಿ ಆದಾಮನ ಪಾಪವು ಅನುಕರಣದಿಂದ ಹರಡಿತೇ ಹೊರತು ಸಂತಾನಕ್ರಮದಿಂದ ಹರಡಲಿಲ್ಲವೆಂದು ಹೇಳಿದೆ. ಇವನನ್ನು ಪಾಷಂಡಿಯೆಂದು ಬದಿಗೆ ಸರಿಸಿಬಿಡುವವರು, ಅವನ ಆಕ್ಷೇಪವು ಸದಾಚಾರದ ಪಕ್ಷದಿಂದ ಬಂದುದೆಂಬುದನ್ನು ಮರೆಯಬಾರದು.

ಅವನ ಎದುರಾಳಿಯಾದ ಆಗಸ್ಟೀನನು (ಕ್ರಿ. ಶ. ೩೫೪–೪೩೦) ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪನು. ತನ್ನ ಆತ್ಮಕಥನದಲ್ಲಿ ಅವನು ಒಂದು ಸಂಗತಿಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದ್ದನು. ಒಳ್ಳೆಯದನ್ನು ತಿಳಿದೂ ಬಯಸಿಯೂ ಮಾಡಲಾರದ ಸ್ಥಿತಿಯು ಮನುಷ್ಯನಿಗೆ ಉಂಟು. ಇಚ್ಛೆಯೇ ಇಬ್ಭಾಗವಾದಾಗ ಆಜ್ಞೆಯನ್ನು ಕೊಟ್ಟವನೇ ಅದನ್ನು ನಡೆಸುವ ಬಲವನ್ನೂ ಕೊಡಬೇಕಾಗುತ್ತದೆ. ಪೆಲಾಗಿಯಸನಿಗೆ ಸಹಿಸಲಾಗದೆ ಹೋದದ್ದು ಈ ಭಾವದ ಪ್ರಾರ್ಥನೆಯೇ. ೪೧೦ರಲ್ಲಿ ರೋಮ್ ನಗರವು ಗಾಥರ ಕೈಗೆ ಸಿಕ್ಕಿದಾಗ ಅಲ್ಲಿಂದ ಹೊರಟವರೊಡನೆ ಈ ವಾದವೂ ಆಫ್ರಿಕಾಕ್ಕೆ ಬಂದಿತು. ಪೆಲಾಗಿಯಸನ ಅನುಯಾಯಿಯಾದ ಸೆಲೆಸ್ತಿಯಸನು ೪೧೧ರಲ್ಲಿ ಕಾರ್ಥೇಜಿನಲ್ಲಿ ಖಂಡಿತನಾದನು. ಪೆಲಾಗಿಯಸನು ಪ್ಯಾಲೆಸ್ಟೈನಿನ ದಿಯೋಸ್ಪೊಲಿಸ್ ಸಭೆಯಲ್ಲಿ ೪೧೫ರಲ್ಲಿ ನಿರ್ದೋಷಿಯೆನಿಸಿಕೊಂಡನು. ೪೧೮ರಲ್ಲಿ ಕಾರ್ಥೇಜಿನ ಮಹಾಸಭೆಯೂ ಚಕ್ರವರ್ತಿ ಹೊನೋರಿಯಸನ ಶಾಸನವೂ ಅವನ ಪಕ್ಷವನ್ನು ಮುರಿದವು. ೪೩೧ರ ಎಫೆಸದ ಸಭೆಯು ಆ ತೀರ್ಪನ್ನು ಸ್ಥಿರಪಡಿಸಿತು.

ವಾದದ ಮರ್ಮಸ್ಥಾನವು ಶಿಶುಗಳ ವಿಷಯ. ಪಾಪಪರಿಹಾರಕ್ಕಾಗಿ ಇರುವ ದೀಕ್ಷಾಸ್ನಾನವನ್ನು, ಯಾವ ಪಾಪವನ್ನೂ ಮಾಡಿರದ ಹಸುಗೂಸಿಗೆ ಏಕೆ ಕೊಡುತ್ತೇವೆ? ಆದಾಮನಿಂದ ಬಂದ ಋಣವು ಅದರ ಮೇಲೂ ಇದೆಯೆಂದು ಆಗಸ್ಟೀನನ ಉತ್ತರ. ಹಾಗಾದರೆ ದೀಕ್ಷೆಗೆ ಮುನ್ನ ತೀರಿಕೊಂಡ ಕೂಸಿನ ಗತಿಯೇನು? ಅತ್ಯಲ್ಪವಾದರೂ ದಂಡನೆಯು ಅದಕ್ಕೆ ತಪ್ಪದೆಂದು ಅವನು ಹೇಳಬೇಕಾಯಿತು. ಮಕ್ಕಳ ಮರಣವು ಮನೆಮನೆಯಲ್ಲಿಯೂ ಸಾಮಾನ್ಯವಾಗಿದ್ದ ಆ ಕಾಲದಲ್ಲಿ ‘ಇನ್ ಕ್ವೋ’ ಎಂಬ ಎರಡು ಪದಗಳು ಎಷ್ಟು ತಾಯಂದಿರ ಎದೆಯ ಮೇಲೆ ಬಿದ್ದಿರಬೇಕೆಂಬುದನ್ನು ಊಹಿಸಬಹುದು. ಇಟಲಿಯ ಎಕ್ಲಾನಮಿನ ಬಿಷಪನಾದ ಯೂಲಿಯನನು ಪದವಿಯನ್ನು ಕಳೆದುಕೊಂಡು ದೇಶಾಂತರವಾಸದಲ್ಲಿದ್ದಾಗಲೂ, ಆ ಪದಗಳಿಗೆ ಕಾರಣಾರ್ಥವನ್ನೇ ಹೇಳಬೇಕೆಂದು ಹಟಹಿಡಿದು ವಾದಿಸಿದನು.

ಆಗಸ್ಟೀನನಿಗೆ ಗ್ರೀಕ್ ಭಾಷೆಯ ಪರಿಚಯವು ಪರಿಮಿತವಾಗಿದ್ದರೂ ಮೂಲವನ್ನು ಅವನು ನೋಡದೆ ಬಿಡಲಿಲ್ಲ. ಪೆಲಾಗಿಯಸನ ಪಕ್ಷದ ಎರಡು ಪತ್ರಗಳಿಗೆ ಬರೆದ ಉತ್ತರದಲ್ಲಿ ಅವನು, ‘ಯಾವುದರಲ್ಲಿ’ ಎಂಬುದು ಪಾಪವನ್ನು ಸೂಚಿಸಲಾರದು, ಏಕೆಂದರೆ ಗ್ರೀಕಿನಲ್ಲಿ ಪಾಪವಾಚಕ ಶಬ್ದವು ಸ್ತ್ರೀಲಿಂಗ ಎಂದು ತರ್ಕಿಸಿ, ಆದಾಮನಿಗೇ ಅದನ್ನು ಅನ್ವಯಿಸಿದನು. ಇದಕ್ಕೆ ಬೆಂಬಲವಾಗಿ ಹಿಲರಿಯೆಂಬ ಪೂಜ್ಯನ ಹೆಸರಿನಲ್ಲಿ ಒಂದು ವ್ಯಾಖ್ಯಾನವನ್ನು ಉದಾಹರಿಸಿದನು. ಆ ವ್ಯಾಖ್ಯಾನವು ಹಿಲರಿಯದಲ್ಲವೆಂದೂ, ಮುಂದೆ ವಿದ್ವಾಂಸರು ಆಂಬ್ರೋಸಿಯಾಸ್ಟರ್ ಎಂದು ಹೆಸರಿಟ್ಟ ಅಜ್ಞಾತಕರ್ತೃವಿನದೆಂದೂ ಈಗ ತಿಳಿದಿದೆ. ಲಿಂಗವಿಚಾರದಲ್ಲಿ ಅವನ ತರ್ಕವು ಸರಿಯಾದದ್ದೇ; ಆದರೆ ಆ ಪದಗಳು ಯಾವ ನಾಮಪದವನ್ನೂ ಹುಡುಕದೆ ಕಾರಣವನ್ನು ಮಾತ್ರ ಹೇಳಬಹುದೆಂಬ ಪಕ್ಷವನ್ನು ಅವನು ಅಂಗೀಕರಿಸಲಿಲ್ಲ.

ಆದರೂ ಒಂದು ತಪ್ಪು ಅನುವಾದದಿಂದಲೇ ಮೂಲಪಾಪದ ಸಿದ್ಧಾಂತವು ಹುಟ್ಟಿತೆಂದು ಹೇಳುವುದು ಅತಿರೇಕವಾದೀತು. ಆಗಸ್ಟೀನನಿಗೆ ಶಿಶುದೀಕ್ಷೆಯ ಆಚಾರವೂ ಸ್ವಂತ ಅನುಭವವೂ ಪೌಲನ ಬೇರೆ ವಚನಗಳೂ ಆಧಾರವಾಗಿದ್ದವು. ಅನುವಾದವು ಆ ಸಿದ್ಧಾಂತವನ್ನು ಹುಟ್ಟಿಸಲಿಲ್ಲ, ಹೊತ್ತುಕೊಂಡು ಹೋಯಿತು. ಗ್ರೀಕ್ ಮೂಲವನ್ನೇ ಓದುತ್ತಿದ್ದ ಪೂರ್ವದ ಸಭೆಯು ಬೇರೊಂದು ದಾರಿಯನ್ನು ಹಿಡಿದದ್ದು ಇದಕ್ಕೆ ನಿದರ್ಶನ. ಅಲ್ಲಿ ಆದಾಮನಿಂದ ಬಂದದ್ದು ಮುಖ್ಯವಾಗಿ ಮರ್ತ್ಯತ್ವ. ಅಪರಾಧದ ಹೊರೆಯ ಮಾತು ಅಲ್ಲಿ ಪ್ರಧಾನವಲ್ಲ. ರಕ್ಷಣೆಯೆಂದರೆ, ಅಥನಾಸಿಯಸನು ನಾಲ್ಕನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದಂತೆ, ದೇವರು ಮನುಷ್ಯನಾದುದರ ಫಲವಾಗಿ ಮನುಷ್ಯನು ದಿವ್ಯತ್ವದಲ್ಲಿ ಪಾಲುಗಾರನಾಗುವುದು. ನ್ಯಾಯಸ್ಥಾನಕ್ಕಿಂತ ವೈದ್ಯಶಾಲೆಯ ರೂಪಕವು ಅಲ್ಲಿ ಹೆಚ್ಚು ಹೊಂದುತ್ತದೆ.

ಪಶ್ಚಿಮದಲ್ಲಿಯೂ ಆಗಸ್ಟೀನನ ಮತವು ಇಡಿಯಾಗಿ ನಿಲ್ಲಲಿಲ್ಲ. ರೋಗಿಯು ವೈದ್ಯನನ್ನು ಕರೆಯುವಂತೆ, ನಂಬಿಕೆಯ ಮೊದಲ ಹೆಜ್ಜೆಯನ್ನಾದರೂ ಕೆಲವು ವೇಳೆ ಮನುಷ್ಯನೇ ಇಡಬಲ್ಲನೆಂದು ದಕ್ಷಿಣ ಗಾಲ್ ದೇಶದ ಸನ್ಯಾಸಿಗಳು ವಾದಿಸಿದರು. ಇವರಲ್ಲಿ ಜಾನ್ ಕ್ಯಾಸಿಯನನು ಪ್ರಮುಖನು. ೫೨೯ರಲ್ಲಿ ಕೂಡಿದ ಆರೆಂಜ್ ಸಭೆಯು, ಆ ಮೊದಲ ಹೆಜ್ಜೆಯೂ ಕೃಪೆಯಿಂದಲೇ ಎಂದು ತೀರ್ಮಾನಿಸಿತು. ಆದರೆ ದೇವರು ಕೆಲವರನ್ನು ಕೆಟ್ಟದ್ದಕ್ಕೆ ಮೊದಲೇ ನೇಮಿಸಿದ್ದಾನೆಂಬ ಮಾತನ್ನು ಅದೇ ಸಭೆಯು ಖಂಡಿಸಿತು. ಶಿಶುಗಳ ಪ್ರಶ್ನೆಯಂತೂ ಮುಂದೆಯೂ ಕಾಡುತ್ತಲೇ ಇದ್ದಿತು. ಮಧ್ಯಯುಗದ ಪಂಡಿತರು ದುಃಖವಿಲ್ಲದ, ದೇವರ ದರ್ಶನವೂ ಇಲ್ಲದ ಒಂದು ಅಂಚಿನ ಸ್ಥಾನವನ್ನು ಅವುಗಳಿಗಾಗಿ ಕಲ್ಪಿಸಿದರು. ಅಂತಹ ಶಿಶುಗಳ ರಕ್ಷಣೆಯನ್ನು ಆಶಿಸಲು ಗಂಭೀರವಾದ ಆಧಾರಗಳಿವೆಯೆಂದು ರೋಮನ್ ಕಥೋಲಿಕ ಸಭೆಯ ಅಂತರರಾಷ್ಟ್ರೀಯ ದೈವಶಾಸ್ತ್ರ ಮಂಡಲಿಯು ಹೇಳಿದ್ದು ೨೦೦೭ರಲ್ಲಿ. ಆಗಸ್ಟೀನನಿಂದ ಅಲ್ಲಿಗೆ ಸುಮಾರು ಹದಿನಾರು ಶತಮಾನಗಳು.

೪

ಎರಡನೆಯ ಮಾತು ಮತ್ತಾಯನ ಸುವಾರ್ತೆಯ ೪ನೆಯ ಅಧ್ಯಾಯದ ೧೭ನೆಯ ವಚನದ್ದು. ಯೇಸುವಿನ ಬೋಧನೆಯು ಅಲ್ಲಿ ‘ಮೆತನೋಎಯ್ತೆ’ ಎಂಬ ಕ್ರಿಯಾಪದದಿಂದ ಮೊದಲಾಗುತ್ತದೆ. ಮನಸ್ಸನ್ನು ಬದಲಿಸಿಕೊಳ್ಳಿರಿ, ಬೇರೆ ಬುದ್ಧಿಯನ್ನು ತಂದುಕೊಳ್ಳಿರಿ ಎಂದು ಅದರ ಯೌಗಿಕಾರ್ಥ. ಲ್ಯಾಟಿನ್ ಬೈಬಲಿನಲ್ಲಿ ಅದು ‘ಪೇನಿತೆಂತಿಯಂ ಆಗಿತೆ’ ಎಂದಾಯಿತು. ಮೊದಲಿಗೆ ಅದಕ್ಕೂ ಪಶ್ಚಾತ್ತಾಪಪಡಿರಿ ಎಂಬುದೇ ಅರ್ಥವಾಗಿದ್ದಿರಬಹುದು. ಆದರೆ ‘ಪೇನಿತೆಂತಿಯ’ ಎಂಬುದು ಸಭೆಯ ಒಂದು ಸಂಸ್ಕಾರದ ಹೆಸರಾಗಿ ನಿಂತ ಮೇಲೆ ಆ ವಾಕ್ಯವು ‘ಪ್ರಾಯಶ್ಚಿತ್ತವನ್ನು ಮಾಡಿರಿ’ ಎಂದು ಕೇಳಿಸತೊಡಗಿತು. ಆ ಸಂಸ್ಕಾರಕ್ಕೆ ಮನಸ್ಸಿನ ಮರುಕ, ಬಾಯಿಂದ ಪಾಪನಿವೇದನೆ, ಕೃತಿಯಿಂದ ಪರಿಹಾರ ಎಂಬ ಮೂರು ಅಂಗಗಳು. ೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆಯನ್ನು ಮಾಡಬೇಕೆಂದು ಎಲ್ಲರಿಗೂ ವಿಧಿಸಿತು. ಮೂರನೆಯ ಅಂಗವಾದ ಪರಿಹಾರಕೃತಿಯಲ್ಲಿ ರಿಯಾಯಿತಿಯನ್ನು ಕೊಡುವ ಕ್ಷಮಾಪತ್ರಗಳ ಪದ್ಧತಿಯು ಇದರೊಡನೆ ಬೆಳೆದು, ಕಡೆಗೆ ಹಣಕ್ಕೆ ಮಾರಾಟವಾಗುವ ಸ್ಥಿತಿಗೆ ಬಂದಿತು.

ಹದಿನೈದನೆಯ ಶತಮಾನದ ಇಟಲಿಯ ಪಂಡಿತ ಲೊರೆಂಜೊ ವಲ್ಲನು ಗ್ರೀಕ್ ಮೂಲವನ್ನು ಲ್ಯಾಟಿನ್ ಪಾಠದೊಡನೆ ಹೋಲಿಸಿ ಟಿಪ್ಪಣಿಗಳನ್ನು ಬರೆದಿದ್ದನು. ಅವನ್ನು ಎರಾಸ್ಮಸನು ೧೫೦೫ರಲ್ಲಿ ಅಚ್ಚುಹಾಕಿಸಿದನು. ೧೫೧೬ರಲ್ಲಿ ಬಾಸೆಲ್ ನಗರದ ಫ್ರೊಬೆನನ ಮುದ್ರಣಾಲಯದಿಂದ ಎರಾಸ್ಮಸನದೇ ಗ್ರೀಕ್ ಹೊಸ ಒಡಂಬಡಿಕೆಯು ಹೊಸ ಲ್ಯಾಟಿನ್ ಅನುವಾದದೊಡನೆ ಹೊರಬಂದಿತು. ೧೫೧೯ರ ಎರಡನೆಯ ಮುದ್ರಣದಲ್ಲಿ ಅವನು ಹಳೆಯ ಮಾತನ್ನು ಬಿಟ್ಟು, ವಿವೇಕಕ್ಕೆ ಮರಳಿರಿ ಎಂಬ ಅರ್ಥದ ಪದವನ್ನು ಹಾಕಿದನು. ವ್ಯಾಕರಣಜ್ಞನ ಈ ತಿದ್ದುಪಡಿಯು ಮಾರ್ಟಿನ್ ಲೂಥರನಲ್ಲಿ ಬೇರೊಂದು ಬಲವನ್ನು ಪಡೆಯಿತು. ೧೫೧೭ರ ಅಕ್ಟೋಬರಿನಲ್ಲಿ ಅವನು ಪ್ರಕಟಿಸಿದ ತೊಂಬತ್ತೈದು ಪ್ರತಿಜ್ಞಾವಾಕ್ಯಗಳಲ್ಲಿ ಮೊದಲನೆಯದೇ ಈ ವಚನದ ವ್ಯಾಖ್ಯಾನ. ವಿಶ್ವಾಸಿಯ ಜೀವಮಾನವೆಲ್ಲವೂ ಮನಃಪರಿವರ್ತನೆಯಾಗಿರಬೇಕೆಂಬುದು ಅದರ ಅಭಿಪ್ರಾಯ. ಎರಡನೆಯದು, ಈ ಮಾತನ್ನು ಪಾದ್ರಿಗಳು ನಡೆಸುವ ಸಂಸ್ಕಾರಕ್ಕೆ ಅನ್ವಯಿಸಲಾಗದೆಂದು ಹೇಳುತ್ತದೆ. ೧೫೧೮ರಲ್ಲಿ ತನ್ನ ಗುರುವಾದ ಸ್ಟೌಪಿಟ್ಸನಿಗೆ ಬರೆದ ಪತ್ರದಲ್ಲಿ ಅವನು, ಒಂದು ಕಾಲಕ್ಕೆ ಶಾಸ್ತ್ರದಲ್ಲೆಲ್ಲ ಅತ್ಯಂತ ಕಹಿಯಾಗಿದ್ದ ಈ ಪದವು ಗ್ರೀಕ್ ಮೂಲದ ಅರ್ಥವನ್ನು ತಿಳಿದ ಮೇಲೆ ತನಗೆ ಸಿಹಿಯಾಯಿತೆಂಬ ಅನುಭವವನ್ನು ಹೇಳಿಕೊಂಡಿದ್ದಾನೆ. ಕಹಿಯು ಏಕೆಂಬುದು ಸ್ಪಷ್ಟ. ಪರಿಹಾರಕೃತಿಯು ಎಷ್ಟು ಮಾಡಿದರೂ ಸಾಕೆನ್ನಿಸದು. ಲೆಕ್ಕದ ಮೇಲೆ ನಿಂತ ರಕ್ಷಣೆಗೆ ಲೆಕ್ಕವು ಎಂದೂ ಮುಗಿಯದು.

೫

ಮೂರನೆಯ ಮಾತು ಇವೆರಡಕ್ಕಿಂತಲೂ ದೊಡ್ಡದು. ಪೌಲನು ದೇವರು ಪಾಪಿಯ ವಿಷಯದಲ್ಲಿ ನಡೆಸುವ ಕಾರ್ಯಕ್ಕೆ ‘ದಿಕಾಯೂನ್’ ಎಂಬ ಕ್ರಿಯಾಪದವನ್ನು ಬಳಸುತ್ತಾನೆ. ನೀತಿವಂತನೆಂದು ಎಣಿಸುವುದು, ತೀರ್ಪಿನಲ್ಲಿ ನಿರ್ದೋಷಿಯೆಂದು ಸಾರುವುದು ಎಂಬ ನ್ಯಾಯಸ್ಥಾನದ ಅರ್ಥವು ಇದಕ್ಕೆ ಹೀಬ್ರೂ ಶಾಸ್ತ್ರದ ಗ್ರೀಕ್ ಅನುವಾದದಿಂದಲೇ ಬಂದಿದೆ. ಲ್ಯಾಟಿನ್ನಿನ ‘ಯುಸ್ತಿಫಿಕಾರೆ’ ಎಂಬ ಪದದಲ್ಲಾದರೋ ‘ಮಾಡು’ ಎಂಬರ್ಥದ ಧಾತುವು ಎದ್ದು ಕಾಣುತ್ತದೆ. ನೀತಿವಂತನನ್ನಾಗಿ ಮಾಡುವುದು ಎಂದು ಅದನ್ನು ತಿಳಿಯುವುದು ಲ್ಯಾಟಿನ್ ಓದುಗನಿಗೆ ಸಹಜ. ‘ಆತ್ಮ ಮತ್ತು ಅಕ್ಷರ’ ಎಂಬ ತನ್ನ ಗ್ರಂಥದಲ್ಲಿ ಆಗಸ್ಟೀನನು ಎರಡು ಅರ್ಥಗಳನ್ನೂ ತೋರಿಸಿದ್ದರೂ ಅವನ ಒಲವು ‘ಮಾಡುವುದರ’ ಕಡೆಗೇ. ಮಧ್ಯಯುಗವೆಲ್ಲವೂ ಅವನನ್ನು ಅನುಸರಿಸಿತು. ರಕ್ಷಣೆಯು ಒಂದು ಕ್ರಮವಾದ ಗುಣಪಡುವಿಕೆಯೆಂದೂ, ಕೃಪೆಯು ಆತ್ಮದೊಳಗೆ ಸುರಿಯಲ್ಪಡುವ ಶಕ್ತಿಯೆಂದೂ ತಿಳುವಳಿಕೆಯು ನೆಲೆಗೊಂಡಿತು.

ಲೂಥರನು ೧೫೪೫ರಲ್ಲಿ ತನ್ನ ಲ್ಯಾಟಿನ್ ಗ್ರಂಥಗಳಿಗೆ ಬರೆದ ಮುನ್ನುಡಿಯಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದ ‘ದೇವರ ನೀತಿ’ ಎಂಬ ಮಾತು ತನ್ನನ್ನು ಹೇಗೆ ಬಾಧಿಸಿತೆಂದು ವಿವರಿಸುತ್ತಾನೆ. ಪಾಪಿಗಳನ್ನು ದಂಡಿಸುವ ನೀತಿಯೆಂದು ಅದನ್ನು ತಿಳಿದಷ್ಟು ಕಾಲ ಅವನಿಗೆ ಆ ದೇವರಲ್ಲಿ ಪ್ರೀತಿ ಹುಟ್ಟಲಿಲ್ಲ. ನಂಬಿದವನಿಗೆ ದೇವರು ದಾನವಾಗಿ ಕೊಡುವ ನೀತಿಯೆಂದು ತಿಳಿದಾಗ ಸ್ವರ್ಗದ ಬಾಗಿಲು ತೆರೆದಂತಾಯಿತಂತೆ. ಆಮೇಲೆ ಆಗಸ್ಟೀನನ ಮೇಲ್ಕಂಡ ಗ್ರಂಥವನ್ನು ಓದಿ, ಅಲ್ಲಿಯೂ ಇದೇ ಭಾವವು ಅಪೂರ್ಣವಾಗಿಯಾದರೂ ಇರುವುದನ್ನು ಕಂಡನು. ೧೫೨೨ರಲ್ಲಿ ಪ್ರಕಟವಾದ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಅವನು ಅದೇ ಪತ್ರಿಕೆಯ ೩ನೆಯ ಅಧ್ಯಾಯದ ೨೮ನೆಯ ವಚನಕ್ಕೆ, ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಸೇರಿಸಿ, ನಂಬಿಕೆಯಿಂದ ಮಾತ್ರವೇ ಎಂದು ಅನುವಾದಿಸಿದನು. ಎದುರಾಳಿಗಳು ಇದನ್ನು ಆಕ್ಷೇಪಿಸಲು, ೧೫೩೦ರಲ್ಲಿ ಅನುವಾದವನ್ನು ಕುರಿತ ಬಹಿರಂಗಪತ್ರದಲ್ಲಿ, ಜರ್ಮನ್ ಭಾಷೆಯ ಜಾಯಮಾನವೂ ಪೌಲನ ತಾತ್ಪರ್ಯವೂ ಆ ಪದವನ್ನು ಬೇಡುತ್ತವೆಂದು ಸಮಾಧಾನ ಹೇಳಿದನು. ಅನುವಾದಕನ ಸ್ವಾತಂತ್ರ್ಯವನ್ನು ಕುರಿತು ಚಿಂತಿಸುವವರು ಇಂದಿಗೂ ಓದತಕ್ಕ ಪತ್ರವಿದು. ನಂಬಿಕೆಯೊಂದರಿಂದಲ್ಲ, ಕೃತಿಗಳಿಂದಲೂ ಎಂದು ಹೇಳುವ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವು ಮಾತ್ರ ಅವನಿಗೆ ಕಡೆಯವರೆಗೂ ತೊಡಕಾಗಿಯೇ ಉಳಿಯಿತು.

ಟ್ರೆಂಟ್ ನಗರದಲ್ಲಿ ಕೂಡಿದ ಕಥೋಲಿಕರ ಮಹಾಸಭೆಯು ೧೫೪೭ರ ಜನವರಿ ೧೩ರಂದು ಇದಕ್ಕೆ ಉತ್ತರವನ್ನು ಕೊಟ್ಟಿತು. ನೀತೀಕರಣವು ಪಾಪಕ್ಷಮೆ ಮಾತ್ರವಲ್ಲ, ಒಳಗಿನ ಮನುಷ್ಯನು ಪವಿತ್ರನಾಗಿ ನವೀಕೃತನಾಗುವುದೂ ಅದರಲ್ಲಿ ಸೇರಿದೆಯೆಂದು ಅದು ನಿರ್ಣಯಿಸಿತು. ಇಲ್ಲಿ ಹಲವರು ಮರೆಯುವ ಒಂದು ಅಂಶವಿದೆ. ಆ ನಿರ್ಣಯದ ಮೊದಲನೆಯ ನಿಷೇಧವಾಕ್ಯವೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯನು ತನ್ನ ಕೃತಿಗಳಿಂದ ನೀತಿವಂತನಾಗಬಲ್ಲನೆನ್ನುವವರನ್ನು ಬಹಿಷ್ಕರಿಸುತ್ತದೆ. ಆದಕಾರಣ ಕಥೋಲಿಕರು ಕೃತಿಯಿಂದ ರಕ್ಷಣೆಯೆನ್ನುವವರು, ಪ್ರೊಟೆಸ್ಟೆಂಟರು ನಂಬಿಕೆಯಿಂದ ರಕ್ಷಣೆಯೆನ್ನುವವರು ಎಂದು ಪಠ್ಯಪುಸ್ತಕಗಳಲ್ಲಿ ಕಾಣುವ ವಿಭಾಗವು ನಿಲ್ಲತಕ್ಕದ್ದಲ್ಲ. ಕೃಪೆಯೇ ಮೂಲವೆಂಬುದು ಇಬ್ಬರಿಗೂ ಸಮಾನ. ಕೃಪೆಯು ಪಾಪಿಯ ಮೇಲೆ ತೀರ್ಪಾಗಿ ಬರುತ್ತದೆಯೇ, ಅವನೊಳಗೆ ಗುಣವಾಗಿ ನೆಲೆಸುತ್ತದೆಯೇ ಎಂಬುದು ವಿವಾದದ ವಿಷಯ; ಇದು ಕಡೆಗೆ ‘ದಿಕಾಯೂನ್’ ಮತ್ತು ‘ಯುಸ್ತಿಫಿಕಾರೆ’ಗಳ ನಡುವಣ ಅಂತರವೇ.

ಈ ಅಂತರದ ಹೆಸರಿನಲ್ಲಿ ರಾಜ್ಯಗಳು ಒಡೆದವು, ಯುದ್ಧಗಳು ನಡೆದವು. ೧೯೯೯ರ ಅಕ್ಟೋಬರ್ ೩೧ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರ್ ಮತೀಯ ಸಭೆಗಳ ವಿಶ್ವಮಂಡಲವೂ ಕಥೋಲಿಕ ಸಭೆಯೂ ಒಂದು ಸಂಯುಕ್ತ ಘೋಷಣೆಗೆ ಒಪ್ಪಿಗೆಯನ್ನು ಹಾಕಿ, ಈ ವಿಷಯದ ಮೂಲತತ್ತ್ವಗಳಲ್ಲಿ ತಮಗೆ ಐಕಮತ್ಯವಿದೆಯೆಂದೂ, ಪರಸ್ಪರ ಹಾಕಿಕೊಂಡಿದ್ದ ಹದಿನಾರನೆಯ ಶತಮಾನದ ಬಹಿಷ್ಕಾರಗಳು ಆ ಘೋಷಣೆಯಲ್ಲಿ ಹೇಳಿದ ಬೋಧನೆಗೆ ತಗುಲವೆಂದೂ ಸಾರಿದವು. ಮೆಥೊಡಿಸ್ಟರು ೨೦೦೬ರಲ್ಲಿಯೂ ರಿಫಾರ್ಮ್ಡ್ ಸಭೆಗಳವರು ೨೦೧೭ರಲ್ಲಿಯೂ ಅದಕ್ಕೆ ಕೂಡಿಕೊಂಡರು. ಭೇದಗಳು ಅಳಿದವೆಂದು ಯಾರೂ ಹೇಳಲಿಲ್ಲ. ಒಂದೇ ಸತ್ಯವನ್ನು ಬೇರೆ ಬೇರೆ ಮಾತುಗಳು ಹೇಳಬಹುದೆಂಬುದನ್ನು ಮಾತ್ರ ಒಪ್ಪಿಕೊಂಡರು.

೬

ಎರಾಸ್ಮಸನ ಗ್ರಂಥವು ಅಚ್ಚಾದ ಬಾಸೆಲ್ ನಗರದಲ್ಲಿಯೇ ೧೮೧೫ರಲ್ಲಿ ಹುಟ್ಟಿದ ಮಿಷನ್ ಸಂಘದವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರಿಗಿಂತ ಮೊದಲೇ, ೧೮೧೦ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬಳ್ಳಾರಿಯಲ್ಲಿ ನೆಲಸಿ ಕನ್ನಡ ಅನುವಾದಕ್ಕೆ ಕೈಯಿಕ್ಕಿದ್ದನು. ವಿಲಿಯಂ ರೀವನೇ ಮೊದಲಾದವರ ಸಹಾಯದಿಂದ ಇಡಿಯ ಬೈಬಲು ೧೮೩೧ರ ವೇಳೆಗೆ ಕನ್ನಡದಲ್ಲಿ ಸಿದ್ಧವಾಯಿತು. ಹೀಗೆ ಯೂರೋಪಿನ ಪಂಡಿತರು ಕಾದಾಡಿದ ಮೂರು ಮಾತುಗಳೂ ನಮ್ಮ ಭಾಷೆಯ ಮುಂದೆ ಬಂದು ನಿಂತವು.

ಕನ್ನಡದ ಕ್ರೈಸ್ತರು ‘ಮೋಕ್ಷ’ಕ್ಕಿಂತ ‘ರಕ್ಷಣೆ’ಯನ್ನೇ ಮುಖ್ಯವಾಗಿ ರೂಢಿಗೊಳಿಸಿಕೊಂಡದ್ದು ಮೇಲೆ ವಿವೇಚಿಸಿದ ಅಂತರವನ್ನು ನೋಡಿದರೆ ಯುಕ್ತವಾಗಿಯೇ ಇದೆ, ಈಚಿನ ಸರಳಾನುವಾದವು ‘ಜೀವೋದ್ಧಾರ’ವೆಂಬ ಪದವನ್ನು ಬಳಕೆಗೆ ತಂದಿದೆ. ‘ಎಫ್ ಹೋ’ ಎಂಬುದಕ್ಕೆ ಕನ್ನಡದ ಬೈಬಲಿನಲ್ಲಿ ಪ್ರಸಿದ್ಧವಾಗಿರುವ ಪಾಠವು ಗ್ರೀಕಿನ ಕಾರಣಾರ್ಥವನ್ನೇ ಅನುಸರಿಸಿರುವುದರಿಂದ, ಆಗಸ್ಟೀನನ ಓದು ಅಲ್ಲಿ ಕಾಣುವುದೇ ಇಲ್ಲ. ಎರಡನೆಯ ಮಾತಿನ ವಿಷಯದಲ್ಲಿ ಕನ್ನಡದ ಸಂಪತ್ತು ಗಮನಾರ್ಹವಾದುದು. ‘ಪ್ರಾಯಶ್ಚಿತ್ತ’ವು ಮಧ್ಯಯುಗದ ಸಂಸ್ಕಾರದ ಅರ್ಥಕ್ಕೂ, ‘ಪಶ್ಚಾತ್ತಾಪ’ವು ಲ್ಯಾಟಿನ್ ಪದದ ಮೊದಲಿನ ಅರ್ಥಕ್ಕೂ, ‘ಮಾನಸಾಂತರ’ವು ಎರಾಸ್ಮಸನು ಎತ್ತಿತೋರಿಸಿದ ಗ್ರೀಕ್ ಯೌಗಿಕಾರ್ಥಕ್ಕೂ ಸರಿಹೋಗುತ್ತವೆ. ‘ದೇವರ ಕಡೆಗೆ ತಿರುಗಿಕೊಳ್ಳು’ ಎಂಬ ಅಚ್ಚಗನ್ನಡದ ಪ್ರಯೋಗವು ಗ್ರೀಕನ್ನೂ ದಾಟಿ, ಹಿಂದಣ ಪ್ರವಾದಿಗಳು ಬಳಸಿದ, ‘ಹಿಂದಿರುಗು’ ಎಂಬರ್ಥದ ಹೀಬ್ರೂ ಧಾತುವನ್ನು ಮುಟ್ಟುತ್ತದೆ. ಒಂದು ಪದದ ಎರಡು ಸಾವಿರ ವರ್ಷಗಳ ಚರಿತ್ರೆಯು ಈ ನಾಲ್ಕು ಕನ್ನಡ ಪ್ರಯೋಗಗಳಲ್ಲಿ ಅಡಗಿದೆಯೆಂದರೆ ತಪ್ಪಾಗದು. ಮೂರನೆಯ ಮಾತಿಗೆ ಹಳೆಯ ಅನುವಾದವು ‘ನೀತಿವಂತರೆಂಬ ನಿರ್ಣಯ’ವೆಂದು ನ್ಯಾಯಸ್ಥಾನದ ಭಾಷೆಯನ್ನು ಬಳಸಿ ಲೂಥರನ ಪಕ್ಷಕ್ಕೆ ವಾಲಿತು. ಈಚಿನ ಅನುವಾದವು ದೇವರೊಡನೆ ‘ಸತ್ಸಂಬಂಧ’ವೆಂದು ಹೇಳಿ, ತೀರ್ಪೋ ಗುಣವೋ ಎಂಬ ಹಳೆಯ ವಿಕಲ್ಪವನ್ನೇ ಬಿಟ್ಟು, ಸಂಬಂಧವೆಂಬ ಮೂರನೆಯ ನೆಲೆಯನ್ನು ಆರಿಸಿಕೊಂಡಿದೆ. ಆದರೆ ನೀತಿಯೆಂಬ ಪದದಲ್ಲಿದ್ದ ನ್ಯಾಯದ ಕಾಠಿನ್ಯವು ಇದರಲ್ಲಿ ಕರಗಿಹೋಯಿತೆಂದು ಹೇಳುವವರಿಗೂ ಅವಕಾಶವಿದೆ.

ಇಂತಹ ವಾದವು ನಮ್ಮಲ್ಲಿ ಅಪರಿಚಿತವಾದದ್ದೂ ಅಲ್ಲ. ಶ್ರೀವೈಷ್ಣವರಲ್ಲಿ ಪ್ರಸಿದ್ಧವಾದ ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯಗಳನ್ನು ವಾಚಕರು ಬಲ್ಲರು. ಕೋತಿಯ ಮರಿಯು ತಾಯಿಯನ್ನು ತಾನಾಗಿ ಅಪ್ಪಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಪ್ರಪತ್ತಿಯು ಕೃಪೆಗೆ ಒಂದು ವ್ಯಾಜವಾಗಿಯಾದರೂ ಬೇಕೆಂದು ವೇದಾಂತದೇಶಿಕರೂ, ಅದನ್ನೂ ಉಪಾಯವೆಂದೆಣಿಸಬಾರದೆಂದು ಪಿಳ್ಳೈ ಲೋಕಾಚಾರ್ಯರ ಪಂಥದವರೂ ಹೇಳಿದರು. ದೇಶಿಕರು ಶ್ರೀರಂಗದ ವಿಪ್ಲವದ ಕಾಲದಲ್ಲಿ ನಮ್ಮ ಮೇಲುಕೋಟೆಯಲ್ಲಿ ಕೆಲಕಾಲ ಇದ್ದರೆಂದು ಸಂಪ್ರದಾಯವಿದೆ. ಜರ್ಮನಿಯ ವಿದ್ವಾಂಸ ರುಡಾಲ್ಫ್ ಆಟೊ ೧೯೩೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ಕೃಪಾಮತವನ್ನೂ ಕ್ರೈಸ್ತಮತವನ್ನೂ ಹೋಲಿಸಿ ವಿಚಾರಮಾಡಿದ್ದಾನೆ. ಮೊದಲ ಹೆಜ್ಜೆಯು ಯಾರದೆಂಬ ಆರೆಂಜ್ ಸಭೆಯ ಪ್ರಶ್ನೆಗೂ ಪ್ರಪತ್ತಿಯು ವ್ಯಾಜವೇ ಅಲ್ಲವೇ ಎಂಬ ಪ್ರಶ್ನೆಗೂ ಇರುವ ಸಾದೃಶ್ಯವು ಬೆರಗುಗೊಳಿಸುವಂತಹದು. ಆದರೆ ಸಾದೃಶ್ಯವು ಪ್ರಶ್ನೆಯ ಆಕಾರದಲ್ಲಿದೆ, ಪ್ರಮೇಯದಲ್ಲಿಲ್ಲ. ಒಂದು ಕಡೆ ಅನಾದಿಕರ್ಮವೂ ಜನ್ಮಾಂತರವೂ, ಮತ್ತೊಂದು ಕಡೆ ಆದಾಮನ ಪತನವೂ ಚರಿತ್ರೆಯಲ್ಲಿ ಒಮ್ಮೆ ನಡೆದ ಶಿಲುಬೆಯ ಮರಣವೂ ಹಿನ್ನೆಲೆಯಾಗಿವೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಇಷ್ಟು ಹೋಲಿಕೆಯು ಸಾಲದು.

೭

ಈ ಪರಿಶೀಲನೆಯಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಿ ಮುಗಿಸಬಹುದು. ಕ್ರೈಸ್ತಧರ್ಮದ ಮುಖ್ಯ ಶಾಖೆಗಳಲ್ಲಿ ರಕ್ಷಣೆಯು ಕೃಪೆಯಿಂದ ಬರುವುದೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವೆಲ್ಲವೂ ಆ ಕೃಪೆಯು ಮನುಷ್ಯನಲ್ಲಿ ಏನು ಮಾಡುತ್ತದೆ, ಮನುಷ್ಯನಿಗೆ ಮಾಡಲು ಏನು ಉಳಿಯುತ್ತದೆ ಎಂಬುದನ್ನು ಕುರಿತದ್ದು. ಕೃಪೆಯನ್ನು ಮರೆತರೆ ಫಿಲಿಪ್ಪಿಯ ಸೆರೆಮನೆಯ ಯಜಮಾನನು ನಿರಾಶನಾಗಬೇಕು. ಕೃತಿಯನ್ನು ಮರೆತರೆ ಐಶ್ವರ್ಯವಂತನಾದ ಅಧಿಕಾರಿಯು ನಿಶ್ಚಿಂತನಾಗಿ ಮನೆಗೆ ಹೋಗಬಹುದು. ಪೆಲಾಗಿಯಸನು ಹೆದರಿದ್ದು ಎರಡನೆಯದಕ್ಕೆ, ಲೂಥರನು ಬೆಂದದ್ದು ಮೊದಲನೆಯದರಲ್ಲಿ.

ಭಾಷೆಯ ಪಾತ್ರವೂ ಇದರಿಂದ ಸ್ಪಷ್ಟವಾಗುತ್ತದೆ. ಅನುವಾದವು ಸಿದ್ಧಾಂತವನ್ನು ಸೃಷ್ಟಿಸುತ್ತದೆಯೆಂಬುದು ಹೆಚ್ಚಿನ ಮಾತು, ಅದು ನಿರುಪದ್ರವಿಯಾದ ಪಾತ್ರೆಯೆಂಬುದು ಕಡಮೆಯ ಮಾತು. ಒಂದು ಪದದ ಒಲವಿನ ಮೇಲೆ ಮತವೊಂದು ಮನೆಯನ್ನು ಕಟ್ಟಿಕೊಂಡ ಬಳಿಕ, ಆ ಪದವನ್ನು ತಿದ್ದುವವನು ಗೋಡೆಯನ್ನೇ ಅಲುಗಿಸುತ್ತಾನೆ. ಪಾಶ್ಚಾತ್ಯರ ಧಾರ್ಮಿಕ ಸಾಹಿತ್ಯವನ್ನು ಕನ್ನಡದಲ್ಲಿ ಬೋಧಿಸುವವರು ರಕ್ಷಣೆ, ನೀತಿ, ಮಾನಸಾಂತರ ಎಂಬ ಪದಗಳನ್ನು ಕಂಡಾಗ ನಮ್ಮ ಮೋಕ್ಷ, ಧರ್ಮ, ಪ್ರಾಯಶ್ಚಿತ್ತಗಳಿಂದ ಅವನ್ನು ಒಡನೆಯೇ ವಿವರಿಸಿಬಿಡದೆ, ಅವು ನಡೆದುಬಂದ ದಾರಿಯನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಒಳ್ಳೆಯದು. ಹಾಗೆ ಮಾಡಿದರೆ ಆ ಮತದ ತಿಳಿವಳಿಕೆಯೂ ನಮ್ಮ ಮಾತಿನ ತಿಳಿವಳಿಕೆಯೂ ಕೂಡಿ ಬೆಳೆದಾವು.